ರಕ್ತದಲ್ಲಿ ಸ್ಟ್ರೆಪ್ಟೊಕಾಕಸ್: ಲ್ಯಾಬ್‌ನಲ್ಲಿ ಅದರ ಹೆಸರು ಪತ್ತೆಯಾಗುವುದು ಹೇಗೆ?

ಜ್ವರ ಬಂದು ವಾರ ಕಳೆದಿರುತ್ತದೆ. ಮಲೇರಿಯಾ ಇಲ್ಲ, ಡೆಂಗಿ ಇಲ್ಲ, ಇಲಿ ಜ್ವರವೂ ಅಲ್ಲ ಅಂತ ರಿಪೋರ್ಟ್ ಬಂದಿರುತ್ತದೆ. ಆದರೂ ಸಂಜೆಯಾದರೆ ಮೈ ನಡುಕ, ರಾತ್ರಿ ಬೆವರು. ಆಗ ವೈದ್ಯರು ‘ಬ್ಲಡ್ ಕಲ್ಚರ್’ ಮಾಡಿಸಿ ಅನ್ನುತ್ತಾರೆ. ನರ್ಸ್ ಬಂದು ಎರಡು ಕೈಯಿಂದಲೂ ರಕ್ತ ತೆಗೆದು ಮೂರ್ನಾಲ್ಕು ಬಾಟಲಿ ತುಂಬಿಸುವಾಗ ಮನೆಯವರಿಗೆ ಗಾಬರಿ. ಇಷ್ಟೊಂದು ರಕ್ತ ಯಾಕೆ? ರಿಪೋರ್ಟ್ ಇವತ್ತೇ ಯಾಕೆ ಸಿಗುವುದಿಲ್ಲ? ಎರಡು ಮೂರು ದಿನ ಕಳೆದು ಬಂದ ಕಾಗದದಲ್ಲಿ ‘ಸ್ಟ್ರೆಪ್ಟೊಕಾಕಸ್’ ಎಂದು ಶುರುವಾಗುವ ಉದ್ದದ ಹೆಸರೊಂದು ಇದ್ದರೆ, ಅದೇನು ಅಂತ ಕೇಳಲು ಹೋದರೆ ಉತ್ತರವೂ ಅಷ್ಟೇ ಉದ್ದ.

ಆ ಹೆಸರಿನ ಮೊದಲ ಪದ ಎಲ್ಲರಿಗೂ ಒಂದೇ. ರೋಗಿಯ ಗತಿ ನಿರ್ಧಾರವಾಗುವುದು ಎರಡನೇ ಪದದಲ್ಲಿ. ಹೃದಯದ ಸ್ಕ್ಯಾನ್ ಬೇಕೋ, ಕರುಳಿನ ಪರೀಕ್ಷೆ ಬೇಕೋ, ತುರ್ತಾಗಿ ಆಪರೇಷನ್ ಥಿಯೇಟರ್‌ಗೆ ಒಯ್ಯಬೇಕೋ, ಇಂಜೆಕ್ಷನ್ 10 ದಿನ ಸಾಕೋ 4 ವಾರ ಬೇಕೋ ಎಂಬುದೆಲ್ಲ ಆ ಎರಡನೇ ಪದವನ್ನು ಹಿಡಿದುಕೊಂಡಿದೆ.

ಏನಿದು ಸ್ಟ್ರೆಪ್ಟೊಕಾಕಸ್?

ಇದು ಒಂದು ರೋಗಾಣುವಿನ ಹೆಸರಲ್ಲ, ದೊಡ್ಡ ಕುಟುಂಬದ ಹೆಸರು. ದುಂಡಗಿನ ಬ್ಯಾಕ್ಟೀರಿಯಾಗಳು ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಒಂದರ ಪಕ್ಕ ಒಂದು ನಿಂತಿರುತ್ತವೆ. ಗ್ರೀಕ್ ಭಾಷೆಯ ‘ಸ್ಟ್ರೆಪ್ಟೋಸ್’ ಅಂದರೆ ತಿರುಚಿದ, ‘ಕೊಕ್ಕೋಸ್’ ಅಂದರೆ ಕಾಳು ಅಥವಾ ಹಣ್ಣು. 1874ರಲ್ಲಿ ಶಸ್ತ್ರವೈದ್ಯ ಥಿಯೊಡೋರ್ ಬಿಲ್ರೋತ್ ಗಾಯದ ಸೋಂಕುಗಳಲ್ಲಿ ಕಂಡ ಈ ಸರಪಳಿಗೆ ಆ ಹೆಸರು ಕೊಟ್ಟರು.

ಇದರ ಚರಿತ್ರೆ ಶುರುವಾಗುವುದು ಹೆರಿಗೆ ಕೋಣೆಯಿಂದ. ಯುರೋಪಿನ ಆಸ್ಪತ್ರೆಗಳಲ್ಲಿ ಹೆತ್ತ ತಾಯಂದಿರು ಬಾಣಂತಿ ಜ್ವರದಿಂದ ಸಾಲಾಗಿ ಸಾಯುತ್ತಿದ್ದ ಕಾಲವದು. 1847ರಲ್ಲಿ ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವಂತೆ ಕಡ್ಡಾಯ ಮಾಡಿದಾಗ ಸಾವು ಇಳಿಯಿತು. ಕೈಯಲ್ಲಿ ಇದ್ದದ್ದು ಏನು ಅಂತ ಅವರಿಗೆ ತಿಳಿದಿರಲಿಲ್ಲ. 1879ರಲ್ಲಿ ಪ್ಯಾರಿಸ್‌ನ ವೈದ್ಯಕೀಯ ಅಕಾಡೆಮಿಯ ಸಭೆಯಲ್ಲಿ ಲೂಯಿ ಪಾಸ್ಚರ್ ಎದ್ದು ಬಂದು, ಆ ಸಾವಿಗೆ ಕಾರಣ ಇದು ಎಂದು ಕಪ್ಪು ಹಲಗೆಯ ಮೇಲೆ ಮಣಿಸರದಂಥ ಆಕೃತಿ ಬರೆದು ತೋರಿಸಿದರು. ಇಂದು ಅದನ್ನು ‘ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್’ ಅಥವಾ ಗ್ರೂಪ್ ಎ ಸ್ಟ್ರೆಪ್ ಎನ್ನುತ್ತಾರೆ.

ಒಂದೇ ಕುಟುಂಬ, ಬೇರೆ ಬೇರೆ ಗುಣ

ರಕ್ತದಲ್ಲಿ ಸಿಗುವ ಮುಖ್ಯ ಸ್ಟ್ರೆಪ್ಟೊಕಾಕಸ್‌ಗಳನ್ನು ಹೀಗೆ ವಿಂಗಡಿಸಬಹುದು.

ಗ್ರೂಪ್ ಎ: ಗಂಟಲು ನೋವಿಗೆ ಕಾರಣವಾಗುವ ಅದೇ ಅಣು. ರಕ್ತಕ್ಕೆ ಇಳಿದರೆ ಮಾತ್ರ ಸ್ವಭಾವವೇ ಬೇರೆ. ಚರ್ಮದ ಕೆಳಗಿನ ಅಂಗಾಂಶವನ್ನು ಗಂಟೆಗಳ ಲೆಕ್ಕದಲ್ಲಿ ಕೊಳೆಸಬಲ್ಲದು, ವಿಷದಿಂದ ರಕ್ತದೊತ್ತಡವನ್ನು ಕುಸಿಯುವಂತೆ ಮಾಡಬಲ್ಲದು.

ಗ್ರೂಪ್ ಬಿ: ಹೆಸರು ‘ಅಗಲಾಕ್ಟಿಯೆ’. ಆರೋಗ್ಯವಂತ ಹೆಂಗಸರ ಜನನಾಂಗದಲ್ಲಿ ಯಾವ ತೊಂದರೆಯೂ ಕೊಡದೆ ಇರಬಹುದು. ಆದರೆ ಹೆರಿಗೆಯ ಹೊತ್ತಿಗೆ ಮಗುವಿಗೆ ದಾಟಿದರೆ ಹುಟ್ಟಿದ ಮೊದಲ ವಾರದಲ್ಲೇ ರಕ್ತದ ಸೋಂಕು, ಮೆದುಳು ಪೊರೆಯ ಜ್ವರ ಬರಬಹುದು. ಸಕ್ಕರೆ ಕಾಯಿಲೆ ಇರುವ ಹಿರಿಯರಲ್ಲೂ ಇದು ಕಾಣಿಸುತ್ತದೆ.

ಗ್ರೂಪ್ ಸಿ ಮತ್ತು ಜಿ: ಕಾಲು ಬಾವು, ಮಾಸದ ಹುಣ್ಣು ಇರುವ ವಯಸ್ಸಾದವರಲ್ಲಿ ಹೆಚ್ಚು. ಕಾಲಿನ ಬೆರಳ ಸಂದಿಯ ಸಣ್ಣ ಬಿರುಕೇ ಬಾಗಿಲಾಗಬಹುದು.

ನ್ಯುಮೊಕಾಕಸ್: ಪೂರ್ತಿ ಹೆಸರು ‘ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ’. ನ್ಯುಮೋನಿಯಾ, ಮೆದುಳು ಪೊರೆಯ ಜ್ವರ. ಗುಲ್ಮ ತೆಗೆಸಿಕೊಂಡವರಿಗೆ ವಿಶೇಷ ಅಪಾಯ.

ವಿರಿಡನ್ಸ್ ಗುಂಪು: ಮೈಟಿಸ್, ಸ್ಯಾಂಗ್ವಿನಿಸ್, ಮ್ಯೂಟನ್ಸ್ ಇತ್ಯಾದಿ. ಎಲ್ಲರ ಬಾಯಲ್ಲೂ ಇರುವಂಥವು. ಹಲ್ಲು, ವಸಡಿನ ದಾರಿಯಿಂದ ರಕ್ತಕ್ಕೆ ಇಳಿದು, ಹಾಳಾದ ಹೃದಯ ಕವಾಟ ಸಿಕ್ಕಿದರೆ ಅಲ್ಲಿ ಗೂಡು ಕಟ್ಟುತ್ತವೆ. ಇದೇ ‘ಇನ್‌ಫೆಕ್ಟಿವ್ ಎಂಡೊಕಾರ್ಡೈಟಿಸ್’.

ಆಂಜಿನೋಸಸ್ ಗುಂಪು: ಇದು ಬಂದರೆ ಯಕೃತ್ತು, ಮೆದುಳು, ಹೊಟ್ಟೆ ಎಲ್ಲಾದರೂ ಕೀವುಗಟ್ಟಿದೆಯೇ ಅಂತ ಹುಡುಕಬೇಕು.

ಗ್ಯಾಲೊಲಿಟಿಕಸ್: ಹಿಂದೆ ‘ಬೋವಿಸ್’ ಎಂಬ ಹೆಸರಿನಡಿ ಇದ್ದದ್ದು. ಇದಕ್ಕೂ ದೊಡ್ಡ ಕರುಳಿನ ಕ್ಯಾನ್ಸರಿಗೂ ಇರುವ ನಂಟನ್ನು ವೈದ್ಯರು 1951ರಿಂದಲೇ ಗಮನಿಸಿದ್ದಾರೆ. ರಕ್ತದಲ್ಲಿ ಇದು ಸಿಕ್ಕಿದರೆ ಹೊಟ್ಟೆ ನೋವು ಇಲ್ಲದಿದ್ದರೂ ಕೊಲೊನೊಸ್ಕೋಪಿ ಮಾಡಿಸುವುದು ರೂಢಿ. ಜ್ವರಕ್ಕೆಂದು ತೆಗೆದ ರಕ್ತದಿಂದ ಕರುಳಿನ ಗಡ್ಡೆ ಬೇಗನೆ ಗೊತ್ತಾಗಿ ಬದುಕಿದವರಿದ್ದಾರೆ.

ಇಲ್ಲಿ ನಮ್ಮ ದೇಶಕ್ಕೆ ತೀರ ಹತ್ತಿರದ ಒಂದು ಕೊಂಡಿ ಇದೆ. ಬಾಲ್ಯದಲ್ಲಿ ಗ್ರೂಪ್ ಎ ಸ್ಟ್ರೆಪ್‌ನಿಂದ ಗಂಟಲು ನೋವು ಬಂದು, ಸರಿಯಾದ ಔಷಧ ಸಿಗದೆ, ಸಂಧಿವಾತದ ಜ್ವರವಾಗಿ ಹೃದಯದ ಕವಾಟ ಕೆಟ್ಟವರು ಭಾರತದಲ್ಲಿ ಈಗಲೂ ಬಹಳ ಮಂದಿ ಇದ್ದಾರೆ. ವರ್ಷಗಳ ನಂತರ ಬಾಯಿಯ ವಿರಿಡನ್ಸ್ ಬಂದು ಅದೇ ಕವಾಟದ ಮೇಲೆ ಕೂರುತ್ತದೆ. ಒಂದು ಸ್ಟ್ರೆಪ್ ಬಾಗಿಲು ಮುರಿದು ಹೋಗುತ್ತದೆ, ಇನ್ನೊಂದು ಒಳಗೆ ಬಂದು ಕೂರುತ್ತದೆ.

ರಕ್ತ ತೆಗೆಯುವಾಗಲೇ ಅರ್ಧ ಕೆಲಸ

ಸೋಂಕು ಇರುವ ದೊಡ್ಡವರ ರಕ್ತದಲ್ಲಿ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿರುತ್ತದೆ ಎಂಬ ಕಲ್ಪನೆ ತಪ್ಪು. ಎಷ್ಟೋ ಸಲ ಒಂದು ಮಿಲಿಲೀಟರ್‌ನಲ್ಲಿ ಒಂದೋ ಎರಡೋ ಇದ್ದರೆ ಹೆಚ್ಚು. ಅದಕ್ಕೇ ಅಷ್ಟು ರಕ್ತ ಬೇಕಾಗುವುದು. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಮಿಲಿಲೀಟರ್, ಎರಡು ಬಾಟಲಿ ಸೇರಿ ಒಂದು ಸೆಟ್. ಇಂಥ 2 ಅಥವಾ 3 ಸೆಟ್ ಬೇರೆ ಬೇರೆ ಜಾಗದಿಂದ ತೆಗೆಯಬೇಕು. ಮಕ್ಕಳಿಗೆ ತೂಕಕ್ಕೆ ತಕ್ಕ ಹಾಗೆ ಕಡಿಮೆ.

ಒಂದು ಸೆಟ್‌ನಲ್ಲಿ ಒಂದು ಬಾಟಲಿ ಗಾಳಿ ಬೇಕಾದ ಅಣುಗಳಿಗೆ, ಇನ್ನೊಂದು ಗಾಳಿ ಬೇಡದವಕ್ಕೆ. ಸ್ಟ್ರೆಪ್ಟೊಕಾಕಸ್ ಸಾಮಾನ್ಯವಾಗಿ ಎರಡರಲ್ಲೂ ಬೆಳೆಯುತ್ತದೆ.

ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಅಥವಾ ಸ್ಪಿರಿಟ್‌ನಿಂದ ಒರೆಸಿ, ಅದು ಒಣಗುವ ತನಕ ಕಾಯಬೇಕು. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಒರೆಸಬೇಕು. ಒರೆಸಿದ ಜಾಗವನ್ನು ಮತ್ತೆ ಬೆರಳಿಂದ ಮುಟ್ಟಿ ನರ ಹುಡುಕಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಚರ್ಮದ ಅಣು ಬಾಟಲಿಗೆ ಬಿದ್ದು ಸುಳ್ಳು ಪಾಸಿಟಿವ್ ಬರುತ್ತದೆ. ನೂರು ಕಲ್ಚರ್‌ನಲ್ಲಿ ಇಂಥವು 3ಕ್ಕಿಂತ ಕಡಿಮೆ ಇರಬೇಕು ಎಂಬುದು ಲ್ಯಾಬ್‌ಗಳು ಇಟ್ಟುಕೊಳ್ಳುವ ಮಿತಿ.

ಮುಖ್ಯವಾದ ಮಾತು: ರಕ್ತ ತೆಗೆಯಬೇಕಾದ್ದು ಆಂಟಿಬಯೋಟಿಕ್ ಶುರುಮಾಡುವ ಮೊದಲು. ತೆಗೆದ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು. ಬೇರೆ ರಕ್ತ ಪರೀಕ್ಷೆಗಳ ರೂಢಿಯಲ್ಲಿ ಇದನ್ನೂ ತಣ್ಣಗಿಟ್ಟರೆ ಅಣುಗಳು ಬೆಳೆಯದೆ ಹೋಗಬಹುದು.

ಯಂತ್ರದೊಳಗೆ ಐದು ದಿನ

ಬಾಟಲಿಯಲ್ಲಿ ಅಣುಗಳಿಗೆ ಬೇಕಾದ ಆಹಾರದ ದ್ರವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಇರುತ್ತದೆ. ಕೆಲವು ಬಾಟಲಿಗಳಲ್ಲಿ ಆಂಟಿಬಯೋಟಿಕ್ ಹೀರಿಕೊಳ್ಳುವ ರಾಳದ ಮಣಿಗಳೂ ಇರುತ್ತವೆ. ಯಂತ್ರ ಇವನ್ನು ಸುಮಾರು 35ರಿಂದ 37 ಡಿಗ್ರಿಯಲ್ಲಿ ಇಡುತ್ತದೆ. ಅಣು ಬೆಳೆದಾಗ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಬಾಟಲಿಯ ತಳದ ಸೆನ್ಸರ್‌ನಲ್ಲಿ ಬದಲಾವಣೆಯಾಗುತ್ತದೆ, ಯಂತ್ರ ಕೂಗುತ್ತದೆ. ಸಾಮಾನ್ಯವಾಗಿ 5 ದಿನ ಕಾದು, ಏನೂ ಬಾರದಿದ್ದರೆ ಮಾತ್ರ ‘ಬೆಳವಣಿಗೆ ಇಲ್ಲ’ ಎಂದು ಬರೆಯುತ್ತಾರೆ. ಸ್ಟ್ರೆಪ್ಟೊಕಾಕಸ್ ಹೆಚ್ಚಿನ ಸಲ ಮೊದಲ 24 ಗಂಟೆಯೊಳಗೆ ಮೇಲೆ ಬರುತ್ತದೆ.

ನ್ಯುಮೊಕಾಕಸ್‌ನ ವಿಷಯದಲ್ಲಿ ಒಂದು ತಂಟೆ ಉಂಟು. ಅದು ತನ್ನ ಗೋಡೆಯನ್ನು ತಾನೇ ಕರಗಿಸಿಕೊಂಡು ಸಾಯುವ ಜಾತಿ. ಯಂತ್ರ ಕೂಗಿದ ಮೇಲೆ ಬಾಟಲಿಯನ್ನು ತಡವಾಗಿ ತೆಗೆದರೆ ಸ್ಲೈಡ್‌ನಲ್ಲಿ ಅಣು ಕಂಡೀತು, ತಟ್ಟೆಯಲ್ಲಿ ಮಾತ್ರ ಏನೂ ಬೆಳೆಯದು.

ಮೊದಲ ಫೋನ್ ಕರೆ

ಯಂತ್ರ ಕೂಗಿದ ಕೂಡಲೇ ಮಾಡುವ ಕೆಲಸ ಗ್ರಾಂ ಸ್ಟೇನ್. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಬಣ್ಣದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಬಾಟಲಿಯ ಒಂದು ಹನಿಯನ್ನು ಗಾಜಿನ ಮೇಲೆ ಹರಡಿ, ನೇರಳೆ ಬಣ್ಣ, ಅಯೋಡಿನ್, ತೊಳೆಯಲು ಆಲ್ಕೋಹಾಲ್, ಕೊನೆಗೆ ಕೆಂಪು ಬಣ್ಣ. ನೇರಳೆ ಉಳಿಸಿಕೊಂಡರೆ ಗ್ರಾಂ ಪಾಸಿಟಿವ್. ಸ್ಟ್ರೆಪ್ಟೊಕಾಕಸ್ ನೇರಳೆ ಮಣಿಸರ, ಸ್ಟ್ಯಾಫಿಲೊಕಾಕಸ್ ನೇರಳೆ ದ್ರಾಕ್ಷಿ ಗೊಂಚಲು, ನ್ಯುಮೊಕಾಕಸ್ ಜೋಡಿ ಜೋಡಿ.

ಈ ಫಲಿತಾಂಶಕ್ಕೆ ಕಾಗದದ ರಿಪೋರ್ಟ್ ಕಾಯುವುದಿಲ್ಲ. ಹೊತ್ತು ಎಷ್ಟೇ ಆಗಿರಲಿ, ಲ್ಯಾಬ್‌ನವರು ವಾರ್ಡಿಗೆ ಫೋನ್ ಮಾಡಿ ‘ಸರಪಳಿಯಲ್ಲಿ ಗ್ರಾಂ ಪಾಸಿಟಿವ್ ಕಾಕೈ’ ಎಂದು ಹೇಳಬೇಕು, ಕೇಳಿದವರು ಅದನ್ನೇ ಮರಳಿ ಓದಿ ಹೇಳಬೇಕು, ಸಮಯ ಬರೆದಿಡಬೇಕು. ಆ ಒಂದು ಕರೆಯಿಂದಲೇ ಔಷಧ ಬದಲಾಗಿ ಜೀವ ಉಳಿಯುವುದುಂಟು.

ಆದರೆ ಸರಪಳಿ ಕಂಡ ಮಾತ್ರಕ್ಕೆ ಸ್ಟ್ರೆಪ್ಟೊಕಾಕಸ್ ಎಂದು ಖಚಿತವಲ್ಲ. ಎಂಟರೊಕಾಕಸ್ ಕೂಡ ಹೀಗೆಯೇ ಕಾಣುತ್ತದೆ. 1984ರವರೆಗೆ ಅದೂ ಇದೇ ಕುಟುಂಬದಲ್ಲಿತ್ತು, ಆಮೇಲೆ ಬೇರೆ ಮನೆ ಮಾಡಿತು. ಎರಡಕ್ಕೂ ಔಷಧ ಬೇರೆ.

ರಕ್ತದ ತಟ್ಟೆ ಹೇಳುವ ಕಥೆ

ಬಾಟಲಿಯ ದ್ರವವನ್ನು ಶೇ. 5ರಷ್ಟು ಕುರಿ ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಗೀರಿ, ರಾತ್ರಿಯಿಡೀ ಬೆಳೆಯಲು ಬಿಡುತ್ತಾರೆ. ಬೆಳೆದ ಚುಕ್ಕಿಗಳ ಸುತ್ತ ರಕ್ತ ಏನಾಗಿದೆ ಎಂಬುದೇ ಮೊದಲ ಸುಳಿವು. 1903ರಲ್ಲಿ ಜರ್ಮನಿಯ ಹ್ಯೂಗೊ ಶಾಟ್‌ಮ್ಯುಲರ್ ಈ ದಾರಿ ತೋರಿಸಿದರು, 1919ರಲ್ಲಿ ಜೇಮ್ಸ್ ಬ್ರೌನ್ ಅದಕ್ಕೆ ಆಲ್ಫಾ, ಬೀಟಾ, ಗಾಮಾ ಎಂಬ ಹೆಸರು ಕೊಟ್ಟರು.

ಸುತ್ತಲಿನ ರಕ್ತ ಪೂರ್ತಿ ಕರಗಿ ತಟ್ಟೆ ಪಾರದರ್ಶಕವಾದರೆ ಬೀಟಾ. ಗ್ರೂಪ್ ಎ, ಬಿ, ಸಿ, ಜಿ ಇಲ್ಲಿ ಬರುತ್ತವೆ. ಹಸಿರು ಛಾಯೆ ಬಂದರೆ ಆಲ್ಫಾ. ನ್ಯುಮೊಕಾಕಸ್ ಮತ್ತು ವಿರಿಡನ್ಸ್ ಇಲ್ಲಿ. ವಿರಿಡನ್ಸ್ ಎಂಬ ಹೆಸರೇ ಹಸಿರಿನಿಂದ ಬಂದದ್ದು. ಏನೂ ಆಗದಿದ್ದರೆ ಗಾಮಾ. ಗ್ಯಾಲೊಲಿಟಿಕಸ್ ಹೆಚ್ಚಾಗಿ ಇದರಲ್ಲಿ ಅಥವಾ ತೆಳು ಹಸಿರಿನಲ್ಲಿ ಕಾಣುತ್ತದೆ.

ಕುರಿ ರಕ್ತವೇ ಯಾಕೆ? ಬ್ಲಡ್ ಬ್ಯಾಂಕಿನಲ್ಲಿ ಅವಧಿ ಮುಗಿದ ಮನುಷ್ಯರ ರಕ್ತ ಬಳಸಿದರೆ ಖರ್ಚು ಕಡಿಮೆ ನಿಜ. ಆದರೆ ಅದರಲ್ಲಿ ಪ್ರತಿಕಾಯಗಳು, ಆಂಟಿಬಯೋಟಿಕ್ ಅಂಶ ಇರಬಹುದು. ರಕ್ತ ಕರಗುವ ಗುರುತೂ ಸರಿಯಾಗಿ ಮೂಡುವುದಿಲ್ಲ. ಮುಟ್ಟುವವರಿಗೂ ಸೋಂಕಿನ ಭಯ.

ನ್ಯುಮೊಕಾಕಸ್‌ನ ಚುಕ್ಕಿ ನೋಡಿದರೆ ಅನುಭವಿ ಟೆಕ್ನೀಷಿಯನ್‌ಗೆ ಗುರುತು ಸಿಗುತ್ತದೆ. ಅಂಚು ಎತ್ತರ, ನಡು ತಗ್ಗು, ಥೇಟ್ ಕೇರಂ ಕಾಯಿ.

ಒಂದೊಂದು ಹೆಸರಿಗೂ ಒಂದು ಪರೀಕ್ಷೆ

ಕ್ಯಾಟಲೇಸ್: ಚುಕ್ಕಿಯ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ನೊರೆ ಬಂದರೆ ಸ್ಟ್ಯಾಫ್, ಬಾರದಿದ್ದರೆ ಸ್ಟ್ರೆಪ್. ತಟ್ಟೆಯ ರಕ್ತ ಜತೆಗೆ ಬಂದರೆ ಅದಕ್ಕೂ ನೊರೆ ಬರುತ್ತದೆ. ಹಾಗಾಗಿ ಚುಕ್ಕಿಯ ಮೇಲ್ಭಾಗವನ್ನಷ್ಟೇ ಎತ್ತಬೇಕು.

ಬೀಟಾ ಆಗಿದ್ದರೆ: ಬ್ಯಾಸಿಟ್ರಾಸಿನ್ ಬಿಲ್ಲೆಯ ಸುತ್ತ ಬೆಳೆಯದಿದ್ದರೆ, ಪಿವೈಆರ್ ಪರೀಕ್ಷೆಯಲ್ಲಿ ನಿಮಿಷಗಳಲ್ಲಿ ಕೆಂಪು ಬಂದರೆ ಗ್ರೂಪ್ ಎ. ಗ್ರೂಪ್ ಬಿ ಗುರುತಿಸಲು ಕ್ಯಾಂಪ್ ಪರೀಕ್ಷೆ. ಸ್ಟ್ಯಾಫ್‌ನ ಗೆರೆಯ ಹತ್ತಿರ ಇದನ್ನು ಅಡ್ಡ ಗೀರಿದರೆ ಎರಡೂ ಸೇರುವಲ್ಲಿ ರಕ್ತ ಬಾಣದ ತುದಿಯ ಆಕಾರದಲ್ಲಿ ಕರಗುತ್ತದೆ. 1944ರಲ್ಲಿ ಕ್ರಿಸ್ಟಿ, ಅಟ್ಕಿನ್ಸ್, ಮಂಕ್-ಪೀಟರ್ಸನ್ ಎಂಬ ಮೂವರು ಆಸ್ಟ್ರೇಲಿಯಾದಲ್ಲಿ ಇದನ್ನು ಕಂಡುಕೊಂಡದ್ದು. ಅವರ ಹೆಸರಿನ ಮೊದಲಕ್ಷರಗಳೇ ‘ಕ್ಯಾಂಪ್’.

ಲ್ಯಾನ್ಸ್‌ಫೀಲ್ಡ್ ಗುಂಪು: ಎ, ಬಿ, ಸಿ ಎಂಬ ಅಕ್ಷರಗಳು ಬಂದದ್ದು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್ ಅವರ 1933ರ ಕೆಲಸದಿಂದ. ಅಣುವಿನ ಗೋಡೆಯಲ್ಲಿರುವ ಸಕ್ಕರೆ ಪದಾರ್ಥವನ್ನು ಹಿಡಿದು ಅವರು ಗುಂಪು ಮಾಡಿದರು. ಇಂದು ಅದೇ ತತ್ವದ ಲೇಟೆಕ್ಸ್ ಕಿಟ್‌ನಲ್ಲಿ ಕಾರ್ಡಿನ ಮೇಲೆ ಹನಿ ಬೆರೆಸಿದಾಗ ಕಣಗಳು ಗಂಟುಗಟ್ಟಿದರೆ ಗುಂಪು ತಿಳಿಯುತ್ತದೆ. ಅಕ್ಷರವೇ ಕೊನೆಯ ಮಾತಲ್ಲ. ಸೂಜಿಮೊನೆಯಷ್ಟು ಸಣ್ಣ ಚುಕ್ಕಿಯ ಆಂಜಿನೋಸಸ್ ಕೂಡ ಎ, ಸಿ, ಎಫ್ ಅಥವಾ ಜಿ ಎಂದು ತೋರಿಸಬಹುದು.

ಆಲ್ಫಾ ಆಗಿದ್ದರೆ: ಆಪ್ಟೊಚಿನ್ ಬಿಲ್ಲೆಯ ಸುತ್ತ 14 ಮಿಲಿಮೀಟರ್ ಅಥವಾ ಹೆಚ್ಚು ಖಾಲಿ ವೃತ್ತ ಬಂದರೆ ನ್ಯುಮೊಕಾಕಸ್. ಅದಕ್ಕಿಂತ ಕಡಿಮೆ ಬಂದು ಸಂಶಯ ಉಳಿದರೆ ಪಿತ್ತಲವಣ ಹಾಕಿ ನೋಡುತ್ತಾರೆ. ನ್ಯುಮೊಕಾಕಸ್ ಕರಗಿ ದ್ರವ ತಿಳಿಯಾಗುತ್ತದೆ, ವಿರಿಡನ್ಸ್ ಮಸುಕಾಗಿಯೇ ಉಳಿಯುತ್ತದೆ.

ಕೆಲವು ಸಲ ಸ್ಲೈಡ್‌ನಲ್ಲಿ ಸರಪಳಿ ಕಂಡು, ಕುರಿ ರಕ್ತದ ತಟ್ಟೆಯಲ್ಲಿ ಏನೂ ಬರುವುದಿಲ್ಲ. ಆಗ ಅಬಯೋಟ್ರೋಫಿಯಾ, ಗ್ರಾನುಲಿಕಟೆಲ್ಲಾ ಎಂಬ ನೆಂಟರ ಬಗ್ಗೆ ಯೋಚಿಸಬೇಕು. ಇವಕ್ಕೆ ಬಿ6 ಜೀವಸತ್ವದ ಒಂದು ರೂಪ ಬೇಕು. ತಟ್ಟೆಯಲ್ಲಿ ಸ್ಟ್ಯಾಫ್‌ನ ಗೆರೆ ಎಳೆದರೆ ಅದರ ಪಕ್ಕದಲ್ಲಿ ಮಾತ್ರ ಚುಕ್ಕಿಗಳಾಗಿ ಬರುತ್ತವೆ.

ಮಾಲ್ಡಿ-ಟಾಫ್: ನಿಮಿಷಗಳಲ್ಲಿ ಹೆಸರು

ದೊಡ್ಡ ಆಸ್ಪತ್ರೆಗಳ ಲ್ಯಾಬ್‌ಗಳಲ್ಲಿ ಈಗ ಮಾಲ್ಡಿ-ಟಾಫ್ ಯಂತ್ರ ಇದೆ. ಒಂದು ಚುಕ್ಕಿಯನ್ನು ಲೋಹದ ಪಟ್ಟಿಯ ಮೇಲೆ ಹಚ್ಚಿ, ರಾಸಾಯನಿಕ ಹಾಕಿ, ಲೇಸರ್ ಹೊಡೆದರೆ ಪ್ರೋಟೀನುಗಳು ಹಾರುತ್ತವೆ. ಹಗುರವಾದವು ಬೇಗ, ಭಾರವಾದವು ತಡ. ಆ ಸಮಯದ ನಕ್ಷೆಯನ್ನು ಯಂತ್ರ ತನ್ನ ಸಂಗ್ರಹದೊಡನೆ ಹೋಲಿಸಿ ಹೆಸರು ಹೇಳುತ್ತದೆ.

ಆದರೂ ಯಂತ್ರವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ನ್ಯುಮೊಕಾಕಸ್ ಮತ್ತು ಮೈಟಿಸ್ ಎರಡೂ ಹತ್ತಿರದ ಸಂಬಂಧಿಗಳು. ಇವನ್ನು ಯಂತ್ರ ಒಂದಕ್ಕೊಂದು ಅದಲು ಬದಲು ಮಾಡಿದ್ದುಂಟು. ಒಂದು ಶ್ವಾಸಕೋಶದ ಕಡೆ ಬೆರಳು ತೋರಿಸುತ್ತದೆ, ಇನ್ನೊಂದು ಹೃದಯದ ಕಡೆ. ಹಾಗಾಗಿ ಆಪ್ಟೊಚಿನ್ ಬಿಲ್ಲೆ, ಪಿತ್ತಲವಣ ಎಂಬ ಹಳೆಯ ಕ್ರಮಗಳಿಗೆ ಇಂದಿಗೂ ಕೆಲಸವಿದೆ.

ಸೋಂಕೋ, ಹೊರಗಿನಿಂದ ಬಿದ್ದದ್ದೋ?

ಗ್ರೂಪ್ ಎ, ಗ್ರೂಪ್ ಬಿ, ನ್ಯುಮೊಕಾಕಸ್ ಒಂದೇ ಬಾಟಲಿಯಲ್ಲಿ ಬಂದರೂ ಅದನ್ನು ನಿಜವೆಂದೇ ಹಿಡಿಯಬೇಕು. ವಿರಿಡನ್ಸ್ ಹಾಗಲ್ಲ. ನಾಲ್ಕರಲ್ಲಿ ಒಂದೇ ಬಾಟಲಿಯಲ್ಲಿ ಬಂದು ರೋಗಿ ಚೆನ್ನಾಗಿದ್ದರೆ ಹೊರಗಿನಿಂದ ಬಿದ್ದಿರಬಹುದು. ಎಲ್ಲ ಬಾಟಲಿಯಲ್ಲೂ ಒಂದೇ ಜಾತಿ ಬಂದರೆ ಹೃದಯದ ಎಕೋ ಮಾಡಿಸದೆ ಬಿಡುವಂತಿಲ್ಲ. ಒಂದೇ ಕೈಯಿಂದ ಒಂದೇ ಬಾಟಲಿ ತೆಗೆದರೆ ಈ ಲೆಕ್ಕವನ್ನೇ ಹಾಕಲು ಬರುವುದಿಲ್ಲ.

ಸ್ವೀಡನ್ನಿನ ಸಂಶೋಧಕರು 2018ರಲ್ಲಿ ‘ಹ್ಯಾಂಡಾಕ್’ ಎಂಬ ಅಂಕ ಪದ್ಧತಿಯನ್ನು ಪ್ರಕಟಿಸಿದರು. ಹೃದಯದ ಮರ್ಮರ ಅಥವಾ ಕವಾಟದ ಕಾಯಿಲೆ, ಸ್ಟ್ರೆಪ್‌ನ ಜಾತಿ, ಪಾಸಿಟಿವ್ ಬಂದ ಕಲ್ಚರ್‌ಗಳ ಸಂಖ್ಯೆ, ರೋಗಲಕ್ಷಣ ಎಷ್ಟು ದಿನದಿಂದ, ಒಂದೇ ಜಾತಿಯೇ, ಆಸ್ಪತ್ರೆಯ ಹೊರಗೆ ತಗಲಿದ್ದೇ ಎಂಬ ಆರನ್ನು ನೋಡಿ ಎಂಡೊಕಾರ್ಡೈಟಿಸ್ ಸಂಭವವನ್ನು ಅಂದಾಜು ಮಾಡುವುದು ಅದರ ಕ್ರಮ. ಆರರಲ್ಲಿ ಮೂರಕ್ಕೆ ಉತ್ತರ ಬರುವುದು ಲ್ಯಾಬ್‌ನಿಂದಲೇ.

ಯಾವ ಔಷಧ ಕೇಳುತ್ತದೆ?

ಹೆಸರಿನ ಜತೆಗೆ ಔಷಧದ ಪಟ್ಟಿಯೂ ಬರುತ್ತದೆ. ಗ್ರೂಪ್ ಎ ಇಷ್ಟು ವರ್ಷವಾದರೂ ಪೆನಿಸಿಲಿನ್‌ಗೆ ಬಗ್ಗುತ್ತದೆ. ನ್ಯುಮೊಕಾಕಸ್‌ಗೆ ಹಾಗೆ ಹೇಳುವಂತಿಲ್ಲ. ಅದೇ ಅಣು, ಅದೇ ಅಳತೆ ಇದ್ದರೂ ನ್ಯುಮೋನಿಯಾಕ್ಕೆ ಪೆನಿಸಿಲಿನ್ ಸಾಕು, ಮೆದುಳು ಪೊರೆಯ ಜ್ವರಕ್ಕೆ ಸಾಲದು ಎಂಬ ರಿಪೋರ್ಟ್ ಬರಬಹುದು. ಮೆದುಳಿನ ದ್ರವಕ್ಕೆ ಔಷಧ ಇಳಿಯುವುದು ಕಡಿಮೆ, ಹಾಗಾಗಿ ಅಲ್ಲಿ ಮಿತಿ ಬಿಗಿ. ವಿರಿಡನ್ಸ್‌ನಲ್ಲಿ ಪೆನಿಸಿಲಿನ್‌ನ ಎಂಐಸಿ, ಅಂದರೆ ಬೆಳವಣಿಗೆ ನಿಲ್ಲಿಸಲು ಬೇಕಾದ ಕನಿಷ್ಠ ಪ್ರಮಾಣ, ಅಳೆದೇ ಹೇಳಬೇಕು. ಎಂಡೊಕಾರ್ಡೈಟಿಸ್ ಆದರೆ ಸಾಮಾನ್ಯವಾಗಿ 4 ವಾರ, ಕೃತಕ ಕವಾಟವಿದ್ದರೆ 6 ವಾರ ರಕ್ತನಾಳದ ಮೂಲಕ ಔಷಧ ಕೊಡುತ್ತಾರೆ.

ಮೊದಲೇ ನುಂಗಿದ ಮಾತ್ರೆ

ಕಾಸರಗೋಡು, ಮಂಜೇಶ್ವರ, ಉಪ್ಪಳದ ಕಡೆಯಿಂದ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಬರುವ ರೋಗಿ ಅಷ್ಟರಲ್ಲಿ ಎರಡು ಮೂರು ಕಡೆ ತೋರಿಸಿ ಬಂದಿರುವುದು ಹೊಸತಲ್ಲ. ಒಂದು ಕಡೆ ಮಾತ್ರೆ, ಇನ್ನೊಂದು ಕಡೆ ಇಂಜೆಕ್ಷನ್, ನಡುವೆ ಮೆಡಿಕಲ್ ಶಾಪ್‌ನಿಂದ ಕೇಳಿ ತಂದ ಸ್ಟ್ರಿಪ್. ಜ್ವರ ಎರಡು ದಿನ ಇಳಿದು ಮತ್ತೆ ಏರುತ್ತದೆ. ಆಮೇಲೆ ಮಾಡುವ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ವಿರಿಡನ್ಸ್ ಅಂತೂ ಒಂದೆರಡು ಡೋಸ್‌ಗೇ ರಕ್ತದಿಂದ ಮರೆಯಾಗಿ ಕವಾಟದೊಳಗೆ ಉಳಿದುಬಿಡುತ್ತದೆ. ಹೆಸರು ಸಿಗದ ಶತ್ರುವಿನ ಮೇಲೆ ವೈದ್ಯರು ಅಂದಾಜಿನಲ್ಲಿ ಹಲವು ಔಷಧ ಹೊಡೆಯಬೇಕಾಗುತ್ತದೆ. ಬಿಲ್ ಏರುತ್ತದೆ, ಕಿಡ್ನಿಗೆ ಹೊರೆ, ಕವಾಟವೂ ಸವೆಯುತ್ತದೆ.

ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದು ಕಾನೂನಿಗೆ ವಿರುದ್ಧ. ಕೇರಳದ ಔಷಧ ನಿಯಂತ್ರಣ ಇಲಾಖೆ 2024ರಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಇಂಥ ಅಂಗಡಿಗಳ ತಪಾಸಣೆಗೆ ಇಳಿದದ್ದು ಇದೇ ಕಾರಣಕ್ಕೆ.

ಹಾಗೆಂದು ರೋಗಿ ಗಂಭೀರವಾಗಿರುವಾಗ ಕಲ್ಚರ್ ಆಗಲಿ ಎಂದು ಔಷಧ ತಡ ಮಾಡುವಂತಿಲ್ಲ. ರಕ್ತ ತೆಗೆಯಲು ಬೇಕಾದ್ದು ಕೆಲವೇ ನಿಮಿಷ. ತೆಗೆದ ಕೂಡಲೇ ಇಂಜೆಕ್ಷನ್ ಶುರು ಮಾಡಬೇಕು.

ಮನೆಯವರು ನೆನಪಿಡಬೇಕಾದದ್ದು

* ಈಗಾಗಲೇ ತೆಗೆದುಕೊಂಡ ಮಾತ್ರೆಯ ಖಾಲಿ ಸ್ಟ್ರಿಪ್, ಹಳೆಯ ಚೀಟಿ ಜತೆಯಲ್ಲಿ ಒಯ್ಯಬೇಕು. ಮುಚ್ಚಿಟ್ಟರೆ ಲ್ಯಾಬ್‌ನ ‘ನೆಗೆಟಿವ್’ ದಾರಿ ತಪ್ಪಿಸುತ್ತದೆ.
* ಬಾಲ್ಯದಲ್ಲಿ ಸಂಧಿವಾತದ ಜ್ವರ, ಹೃದಯದ ಆಪರೇಷನ್, ಇತ್ತೀಚೆಗೆ ಹಲ್ಲು ಕೀಳಿಸಿದ್ದು ಇದ್ದರೆ ಕೇಳದಿದ್ದರೂ ಹೇಳಬೇಕು.
* ಎರಡು ಕೈಯಿಂದ ರಕ್ತ ತೆಗೆಯುವುದು ಬಿಲ್ ಏರಿಸಲು ಅಲ್ಲ.
* ಮೊದಲ ದಿನ ಸಿಗುವುದು ಗ್ರಾಂ ಸ್ಟೇನ್‌ನ ಸುದ್ದಿ ಮಾತ್ರ. ಪೂರ್ತಿ ಹೆಸರು, ಔಷಧದ ಪಟ್ಟಿ ಬರಲು ಮತ್ತೂ ಒಂದೆರಡು ದಿನ ಬೇಕು.
* ಜ್ವರ ಬಿಟ್ಟಿತು ಅಂತ ಅರ್ಧದಲ್ಲೇ ಡಿಸ್ಚಾರ್ಜ್ ಕೇಳಬಾರದು. ಕವಾಟದ ಸೋಂಕು ಜ್ವರ ಬಿಟ್ಟ ಮೇಲೂ ಇರುತ್ತದೆ.
* ಮಕ್ಕಳ ಗಂಟಲು ನೋವು, ದೊಡ್ಡವರ ವಸಡು ನೋವು, ಸಕ್ಕರೆ ಕಾಯಿಲೆಯವರ ಕಾಲಿನ ಬಿರುಕು, ಈ ಮೂರನ್ನೂ ಹಗುರವಾಗಿ ಕಾಣಬಾರದು. ರಕ್ತಕ್ಕೆ ಇಳಿಯುವ ಸ್ಟ್ರೆಪ್ಟೊಕಾಕಸ್‌ಗಳ ಬಾಗಿಲು ಹೆಚ್ಚಾಗಿ ಇವೇ.